ಅಳತೆಗಿಟ್ಟ ತಲೆ

ಹನ್ನೊಂದು ವರ್ಷ ನನ್ನ ತಲೆಯೇ ನಮ್ಮ ವಿಭಾಗಕ್ಕೆ ಅಳತೆಗೋಲಾಗಿತ್ತು. ಜಂಬಕ್ಕೆ ಹೇಳುತ್ತಿಲ್ಲ, ಕಡತದಲ್ಲೇ ಹಾಗೆ ಬರೆದಿದೆ. ತರಕಾರಿ ಮಾರುವವರು ತಕ್ಕಡಿ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಒಂದು ಕಲ್ಲು ಇಟ್ಟುಕೊಂಡಿರುತ್ತಾರಲ್ಲ, ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಸ್ಕ್ಯಾನರಿಗೆ ಆ ಕಲ್ಲು ನಾನು. ಈ ಸುದ್ದಿ ಕೇಳಿ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ನಿನ್ನ ತಲೆ ನೆಟ್ಟಗಿದೆ ಅಂತ ಸರ್ಟಿಫಿಕೇಟ್ ಕೊಟ್ಟ ಮಹಾನುಭಾವ ಯಾರೇ? ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದಿದ್ದರು. ಅವರು ಹೋಗಿ ಒಂಬತ್ತು ವರ್ಷವಾಯಿತು. ಮಕ್ಕಳಿಲ್ಲ. ಆಮೇಲೆ ನನ್ನ ತಲೆಯ ಬಗ್ಗೆ ತಮಾಷೆ ಮಾಡುವ ಧೈರ್ಯ ಯಾರಿಗೂ ಬಂದಿಲ್ಲ.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಪ್ರಶ್ನೆ ಕೇಳಿ ನನ್ನ ಪ್ರಾಣ ತಿನ್ನಬಾರದು. ಮನುಷ್ಯ ಸುಮ್ಮನೆ ಮಲಗಿದ್ದಾಗಲೂ ಮಿದುಳು ಸುಮ್ಮನಿರುವುದಿಲ್ಲ. ಹಣೆಯ ಹಿಂದೆ ಒಂದು ಭಾಗ, ತಲೆಯ ಹಿಂಬದಿಯಲ್ಲಿ ಇನ್ನೊಂದು ಭಾಗ, ಎರಡರಲ್ಲೂ ರಕ್ತದ ಹರಿವು ಒಟ್ಟಿಗೆ ಏರುತ್ತದೆ, ಒಟ್ಟಿಗೆ ಇಳಿಯುತ್ತದೆ. ಬಹಳ ಕಾಲ ಜೊತೆಗಿದ್ದ ಗಂಡ ಹೆಂಡತಿ ಬೇರೆ ಬೇರೆ ಕೋಣೆಗಳಲ್ಲಿ ಕೂತೂ ಮಾತಾಡಿಕೊಳ್ಳುವ ಹಾಗೆ. ಮರೆವಿನ ಕಾಯಿಲೆ ಶುರುವಾಗುವಾಗ, ಹೊರಗೆ ಯಾರ ಕಣ್ಣಿಗೂ ಬೀಳದ ಹೊತ್ತಿನಲ್ಲೇ, ಈ ಮಾತುಕತೆ ಕಡಿಮೆಯಾಗುತ್ತದೆ. ಸ್ಕ್ಯಾನರು ಹಿಡಿದುಕೊಟ್ಟ ಸಿಗ್ನಲ್ಲಿನಿಂದ ಕೆಮ್ಮು, ಎದೆಬಡಿತ, ಕತ್ತು ಅಲುಗಿದ್ದು ಎಲ್ಲವನ್ನೂ ಸೋಸಿ ತೆಗೆದು, ಕೊನೆಗೆ ಒಂದು ಸಂಖ್ಯೆ ಕೊಡುವುದು ನನ್ನ ಕೆಲಸ. ಅದಕ್ಕೆ ನಾವು ಹೊಂದಾಣಿಕೆ ಎನ್ನುತ್ತೇವೆ. ಐವತ್ತೈದು ದಾಟಿದರೆ ನಿಶ್ಚಿಂತೆಯಿಂದ ಮನೆಗೆ ಹೋಗಬಹುದು. ದಾಟದಿದ್ದರೆ ಡಾಕ್ಟರು ಮನೆಯವರನ್ನು ಕೂರಿಸಿಕೊಂಡು ಬಾಗಿಲು ಹಾಕುತ್ತಾರೆ.

ಆದರೆ ಮೆಷಿನ್ನಿಗೂ ಮುಪ್ಪು ಬರುತ್ತದೆ. ವರ್ಷ ಕಳೆದ ಹಾಗೆ ಅದು ಹಿಡಿಯುವ ಸಿಗ್ನಲ್ಲು ಮಂಕಾಗಬಹುದು. ಅದಕ್ಕೇ ಈ ಅಳತೆಗೋಲಿನ ಏರ್ಪಾಡು. ಆರೋಗ್ಯವಾಗಿರುವ ಅದೇ ಮನುಷ್ಯರನ್ನು ತಿಂಗಳಿಗೊಮ್ಮೆ ಒಳಗೆ ಮಲಗಿಸುವುದು. ಅವರ ಸಂಖ್ಯೆ ಇಳಿದರೆ ಮೆಷಿನ್ನು ಮಂಕಾಗಿದೆ ಎಂದರ್ಥ, ಅದನ್ನು ಮೊದಲಿನ ಮಟ್ಟಕ್ಕೆ ತರಲು ಎಷ್ಟು ಪಾಲು ಸೇರಿಸಬೇಕೋ ಅಷ್ಟೇ ಪಾಲನ್ನು ಆ ತಿಂಗಳು ಬಂದ ಎಲ್ಲರ ಸಂಖ್ಯೆಗೂ ಏರಿಸುವುದು. ಹಾಗೆ ತಾನಾಗಿ ಏರಿಸುವ ಪ್ರೋಗ್ರಾಮನ್ನು ಬರೆದವಳು ನಾನೇ. ಮೊದಲು ಮೂವರು ಇದ್ದೆವು: ನಾನು, ಒಬ್ಬ ನರ್ಸು, ನಮ್ಮ ಡಾಕ್ಟರು. ನರ್ಸು ಬೇರೆ ಕಡೆ ಕೆಲಸ ಹಿಡಿದಳು. ಡಾಕ್ಟರು ಸ್ಕೂಟರಿನಿಂದ ಬಿದ್ದು ತೊಡೆಯಲ್ಲಿ ಲೋಹದ ಪಟ್ಟಿ ಹಾಕಿಸಿಕೊಂಡ ಮೇಲೆ ಆ ಅಯಸ್ಕಾಂತದ ಹತ್ತಿರ ಸುಳಿಯುವ ಹಾಗಿಲ್ಲ. ಉಳಿದವಳು ನಾನೊಬ್ಬಳು. ಇನ್ನಿಬ್ಬರನ್ನು ಹುಡುಕೋಣ ಎಂದು ಪ್ರತಿ ವರ್ಷ ಮೀಟಿಂಗಿನಲ್ಲಿ ಹೇಳುತ್ತಿದ್ದರು, ಪ್ರತಿ ವರ್ಷ ಟೀ ಕುಡಿದು ಎದ್ದು ಹೋಗುತ್ತಿದ್ದರು.

ನಿಜ ಹೇಳಬೇಕೆಂದರೆ ಆ ಮೊದಲ ಸೋಮವಾರಕ್ಕೆ ನಾನು ಕಾಯುತ್ತಿದ್ದೆ. ತಲೆಯ ಮೇಲೆ ಪಂಜರದಂಥ ಕವಚ ಇಟ್ಟು, ಮಂಡಿಯ ಕೆಳಗೆ ದಿಂಬು ಕೊಟ್ಟು, ಮೈಮೇಲೆ ಹೊದಿಕೆ ಎಳೆದು, ಆಪರೇಟರು ಗಾಜಿನ ಆಚೆ ಹೋಗಿ ಮೈಕಿನಲ್ಲಿ ಕೇಳುತ್ತಿದ್ದರು: "ಆರಾಮಾಗಿದೀರಾ ಮೇಡಂ? ಚಳಿ ಆಗ್ತಿಲ್ಲ ತಾನೇ?" ಇಡೀ ತಿಂಗಳಲ್ಲಿ ಆ ಮಾತನ್ನು ನನ್ನನ್ನು ಕೇಳುತ್ತಿದ್ದುದು ಅವರೊಬ್ಬರೇ. ಆಮೇಲೆ ಹತ್ತು ನಿಮಿಷ ಕಣ್ಣೆದುರಿನ ಕೂಡಿಸುವ ಗುರುತನ್ನು ನೋಡುತ್ತ ಏನೂ ಯೋಚಿಸದೆ ಇರಬೇಕು. ಏನೂ ಯೋಚಿಸದೆ ಇರಲು ನಾನೇನು ಮರದ ದಿಮ್ಮಿಯೇ? ಆ ಹತ್ತು ನಿಮಿಷ ನಾನು ಗಂಡನ ಜೊತೆ ಇರುತ್ತಿದ್ದೆ. ಹಳೆಯ ಜಗಳಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದೆ. ಅವರು ಒಮ್ಮೆ ಮುನಿಸಿಕೊಂಡು ಎರಡು ದಿನ ಅಡುಗೆಮನೆಯ ಗೋಡೆಯ ಜೊತೆ ಮಾತಾಡಿದ್ದು ನನಗೆ ಬಹಳ ಇಷ್ಟದ ಜಗಳ.

ಆ ತಿಂಗಳೂ ಹಾಗೇ ಆಯಿತು. ಕೊಳವೆಯಿಂದ ಹೊರಗೆ ಬಂದು ಚಪ್ಪಲಿ ಹುಡುಕುತ್ತ ಕೇಳಿದೆ, "ಮಗಳ ಮದುವೆ ಯಾವಾಗ್ರೀ?"

"ಆಗುತ್ತೆ ಮೇಡಂ," ಎಂದರು ಆಪರೇಟರು ಹೊದಿಕೆ ಮಡಿಸುತ್ತ. "ಗೊತ್ತಾದ ತಕ್ಷಣ ಮೊದಲು ನಿಮಗೇ ಹೇಳ್ತೀನಿ."

ಈ ಮನುಷ್ಯನ ನಿಧಾನ ನೋಡಿದರೆ ನನಗೆ ಮೈಯುರಿ. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿ ಎಷ್ಟು ಕಾಲವಾಯಿತು. "ನೀವು ಹೀಗೇ ಆಕಳಿಸ್ತಾ ಕೂತಿರಿ, ಅವಳೇ ಯಾರನ್ನೋ ಕರ್ಕೊಂಡು ಬಂದು ನಿಲ್ಲಿಸ್ತಾಳೆ," ಎಂದೆ. ಅವರು ನಕ್ಕರು.

ಆ ಗುರುವಾರ ದರ್ಜಿಯ ಹೆಂಡತಿ ಬಂದಳು. ನನ್ನ ಕೋಣೆಗೆ ರೋಗಿಗಳ ಕಡೆಯವರು ಬರುವುದಿಲ್ಲ, ಡಾಕ್ಟರ ಕೋಣೆ ಮೇಲಿದೆ. ಆದರೆ ರಿಪೋರ್ಟಿನ ಕೆಳಗೆ ನನ್ನ ಸಹಿ ಇರುತ್ತದಲ್ಲ, ಕೇಳಿಕೊಂಡು ಕೇಳಿಕೊಂಡು ನೆಲಮಾಳಿಗೆಗೇ ಇಳಿದು ಬಂದಿದ್ದಳು. ನನ್ನದೇ ವಯಸ್ಸು, ನನ್ನಷ್ಟೇ ಜೋರು.

"ಅಕ್ಕಾ, ನಿಮ್ಮ ರಿಪೋರ್ಟು ಸುಳ್ಳೋ ನನ್ನ ಗಂಡ ಸುಳ್ಳೋ, ಇವತ್ತು ಎರಡರಲ್ಲೊಂದು ತೀರ್ಮಾನ ಆಗ್ಬೇಕು," ಎಂದು ಚೀಲದಿಂದ ಒಂದು ಅಂಗಿ ತೆಗೆದು ನನ್ನ ಕೀಬೋರ್ಡಿನ ಮೇಲೆ ಹರಡಿದಳು. ನೀಲಿ ಅಂಗಿ. ಹೊಲಿಗೆ ಅಚ್ಚುಕಟ್ಟು. ಎರಡೂ ಎಡಗೈ ತೋಳುಗಳು.

"ಮೂವತ್ತೆಂಟು ವರ್ಷದಿಂದ ಹೊಲೀತಿದಾರೆ. ಕೇಳಿದ್ರೆ ಗಿರಾಕಿಗೆ ಹಾಗೇ ಬೇಕಂತೆ ಅಂತಾರೆ. ಎಂಟು ತಿಂಗಳ ಹಿಂದೆ ಇಲ್ಲೇ ಸ್ಕ್ಯಾನ್ ಮಾಡ್ಸಿದ್ವಿ. ಎಲ್ಲಾ ಸರಿಯಿದೆ ಅಂದ್ರಿ. ಸರಿ, ಹಾಗಾದ್ರೆ ಇದು ಕಾಯಿಲೆ ಅಲ್ಲ, ಕೊಬ್ಬು ಅಂದ್ಕೊಂಡೆ. ಅವರ ಹಳೇ ಹೊಲಿಗೆ ಮೆಷಿನ್ ಕೊಟ್ಟು ಹೊಸದು ತಂದೆ ನೋಡಿ, ಆ ಸಿಟ್ಟಿಗೆ ನನ್ನ ಮೇಲೆ ಹಗೆ ಸಾಧಿಸ್ತಿದಾರೆ ಅಂದ್ಕೊಂಡೆ. ಎಂಟು ತಿಂಗಳಿಂದ ಬೈದು ಬೈದು ನನ್ನ ಬಾಯಿ ಒಣಗಿದೆ."

ದರ್ಜಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಸಣಕಲು ಮನುಷ್ಯ, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ನನ್ನನ್ನು ನೋಡಿ ಎದ್ದು ನಿಂತು, ನನ್ನ ಬಿಳಿ ಕೋಟನ್ನು ದಿಟ್ಟಿಸಿ, "ಬಲಗಡೆ ಭುಜ ಅರ್ಧ ಇಂಚು ಇಳಿದಿದೆಯಮ್ಮ, ಬಿಚ್ಚಿ ಕೊಡಿ, ಹತ್ತು ನಿಮಿಷದ ಕೆಲಸ," ಎಂದರು. ಆ ಕೋಟು ಏಳು ವರ್ಷದಿಂದ ಹಾಗೇ ಇದೆ, ಯಾರಿಗೂ ಕಂಡಿರಲಿಲ್ಲ. ಕಣ್ಣು ಇಷ್ಟು ಚುರುಕಿರುವವರಿಗೆ ಮರೆವಿರಲು ಸಾಧ್ಯವೇ ಎಂದು ನನಗೂ ಅನುಮಾನವಾಯಿತು. ಕಡತ ತೆಗೆದು ನೋಡಿ ಹೇಳಿ ಕಳಿಸುತ್ತೇನೆ ಎಂದು ಕಳಿಸಿದೆ.

ಅವರ ರಿಪೋರ್ಟಿನಲ್ಲಿದ್ದ ಸಂಖ್ಯೆ ಅರವತ್ತು. ಬೇಕಾದಷ್ಟಾಯಿತು. ಆದರೆ ಆ ಹೆಂಗಸಿನ ಬಾಯಿ ನನ್ನ ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿದ್ದುದರಿಂದ, ಏರಿಸುವುದಕ್ಕೆ ಮುಂಚೆ ಎಷ್ಟಿತ್ತು ಎಂದು ನೋಡಿದೆ. ನಲವತ್ತೆಂಟು. ಆ ತಿಂಗಳು ಪ್ರೋಗ್ರಾಮು ಎಲ್ಲರ ಸಂಖ್ಯೆಗೂ ಕಾಲುಪಾಲು ಸೇರಿಸಿತ್ತು. ಕಾಲುಪಾಲು ಎಂದರೆ ಮೆಷಿನ್ನು ಗುಜರಿಗೆ ಹಾಕುವಷ್ಟು ಮಂಕಾಗಿರಬೇಕು. ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ನೇರ ಆಪರೇಟರ ಹತ್ತಿರ ಹೋದೆ.

"ಏನ್ರೀ, ಮೆಷಿನ್ನು ಇಷ್ಟು ಕೆಟ್ಟಿದೆ, ನೀವು ಕೂತು ನೊಣ ಹೊಡೀತಿದೀರಾ?"

ಆಪರೇಟರ ಮುಖ ಸಣ್ಣದಾಯಿತು. ಅವರಿಗೆ ಆ ಮೆಷಿನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗುವಿದ್ದ ಹಾಗೆ. ಕಪಾಟಿನಿಂದ ರಟ್ಟಿನ ರಿಜಿಸ್ಟರು ತೆಗೆದು ನನ್ನ ಮುಂದಿಟ್ಟರು. ದಿನವೂ ಬೆಳಿಗ್ಗೆ ಮೊದಲ ರೋಗಿಗೆ ಮುಂಚೆ ಅವರು ಒಂದು ಗೋಳವನ್ನು ಒಳಗಿಟ್ಟು ಪರೀಕ್ಷೆ ಮಾಡುತ್ತಾರೆ. ಮನುಷ್ಯನ ತಲೆಯಷ್ಟು ದಪ್ಪದ, ಜೆಲ್ ತುಂಬಿದ ಪ್ಲಾಸ್ಟಿಕ್ ಗೋಳ. ನಾವು ಅದಕ್ಕೆ ಬೋಳಪ್ಪ ಎನ್ನುತ್ತೇವೆ. ಬೋಳಪ್ಪನಿಗೆ ರಕ್ತವಿಲ್ಲ, ಯೋಚನೆಯಿಲ್ಲ, ಸತ್ತ ಗಂಡನಿಲ್ಲ. ಮೆಷಿನ್ನು ಮಂಕಾದರೆ ಬೋಳಪ್ಪನ ಸಂಖ್ಯೆಯೂ ಇಳಿಯಲೇಬೇಕು. ಆದರೆ ಬೋಳಪ್ಪನ ಲೆಕ್ಕ ಆಪರೇಟರ ರಿಜಿಸ್ಟರಿನಲ್ಲಿ, ನನ್ನ ತಲೆಯ ಲೆಕ್ಕ ನನ್ನ ಕಂಪ್ಯೂಟರಿನಲ್ಲಿ. ಹನ್ನೊಂದು ವರ್ಷದಲ್ಲಿ ಯಾರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ.

ಪುಟ ತಿರುಗಿಸಿದೆ. ಹೋದ ವಾರ, ಹೋದ ವರ್ಷ, ಅದರ ಹಿಂದಿನ ವರ್ಷ. ದುಂಡಗಿನ ಅಕ್ಷರದಲ್ಲಿ ಬೋಳಪ್ಪನ ಸಂಖ್ಯೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

"ಮೆಷಿನ್ನು ಚಿನ್ನದಂಗಿದೆ ಮೇಡಂ," ಎಂದರು ಆಪರೇಟರು. ದನಿಯಲ್ಲಿ ಇನ್ನೂ ನೋವಿತ್ತು.

ಮಾತು ಮರೆಸಲು, "ಅದಿರ್ಲಿ, ಮಗಳ ಮದುವೆ ಯಾವಾಗ?" ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಆಗುತ್ತೆ ಮೇಡಂ," ಎಂದರು.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡು, ಪ್ರೋಗ್ರಾಮು ತಾನಾಗಿ ನೋಡಿಕೊಳ್ಳುತ್ತದೆಂದು ವರ್ಷಗಳಿಂದ ತೆರೆಯದಿದ್ದ ನನ್ನ ತಲೆಯ ಲೆಕ್ಕ ತೆಗೆದೆ. ಒಂಬತ್ತು ವರ್ಷ ಎಪ್ಪತ್ತರ ಆಸುಪಾಸಿನಲ್ಲಿ ಗೂಟ ಹೊಡೆದ ಹಾಗೆ ನಿಂತಿದ್ದ ಸಂಖ್ಯೆ, ಎರಡು ವರ್ಷದ ಹಿಂದೆ ಇಳಿಯಲು ಶುರುಮಾಡಿತ್ತು. ಅರವತ್ತೇಳು. ಅರವತ್ತೆರಡು. ಎಂಟು ತಿಂಗಳ ಹಿಂದೆ ದರ್ಜಿ ಸ್ಕ್ಯಾನಿಗೆ ಬಂದಾಗ ಐವತ್ತಾರು. ಈ ಸೋಮವಾರ ಐವತ್ತೆರಡು. ವಯಸ್ಸಿನಿಂದ ಇಷ್ಟು ಬೇಗ ಇಳಿಯುವುದಿಲ್ಲ, ಇಂಥ ನೂರಾರು ಗೆರೆಗಳನ್ನು ನಾನೇ ನೋಡಿದ್ದೇನೆ. ಬೇರೆ ಯಾರ ಹೆಸರಾದರೂ ಮೇಲೆ ಇದ್ದಿದ್ದರೆ ಒಂದು ಕ್ಷಣ ಯೋಚಿಸದೆ ಡಾಕ್ಟರಿಗೆ ಕಳಿಸಿ, ಮನೆಯವರನ್ನು ಕರೆಸಿ ಎಂದು ಬರೆಯುತ್ತಿದ್ದೆ.

ಮಂಕಾದದ್ದು ಮೆಷಿನ್ನಲ್ಲ, ನಾನು. ನಾನು ಇಳಿದಷ್ಟೂ ಪ್ರೋಗ್ರಾಮು ಉಳಿದವರನ್ನೆಲ್ಲ ಎತ್ತಿ ಎತ್ತಿ ನನ್ನ ಪಕ್ಕದಲ್ಲಿ ನಿಲ್ಲಿಸುತ್ತಿತ್ತು. ಎರಡು ವರ್ಷದಿಂದ ಇಲ್ಲಿಗೆ ಬಂದ ಪ್ರತಿಯೊಬ್ಬರಿಗೂ ನಾವು ನನ್ನ ಕಾಯಿಲೆಯನ್ನು ಆರೋಗ್ಯವೆಂದು ಅಳೆದು ಕೊಟ್ಟಿದ್ದೆವು.

ಆ ಸಂಜೆ ಮನೆಗೆ ಹೋದೆ. ಎರಡನೇ ಮಹಡಿ, ಎರಡು ಕೋಣೆ, ಬಾಗಿಲ ಪಕ್ಕ ಬೀಗದ ಕೈಗೆ ಒಂದು ಮೊಳೆ. ಎಲ್ಲವೂ ಅದರದರ ಜಾಗದಲ್ಲಿತ್ತು. ನನಗೇನೂ ಆಗಿಲ್ಲ ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ. ಮನೆಯಲ್ಲಿ ನನ್ನ ಮಾತಿಗೆ ಇಲ್ಲ ಎನ್ನುವವರು ಯಾರೂ ಇಲ್ಲ, ಅದೊಂದು ಅನುಕೂಲ. ಆಮೇಲೆ ಬಟ್ಟೆ ನೆನೆಸೋಣವೆಂದು ಬಚ್ಚಲಿನ ಕಪಾಟು ತೆಗೆದೆ. ಸೋಪಿನ ಪುಡಿ. ಒಂಬತ್ತು ಪ್ಯಾಕೆಟ್ಟುಗಳಿದ್ದವು, ಒಂದನ್ನೂ ಒಡೆದಿರಲಿಲ್ಲ. ನನ್ನ ಕೈಚೀಲದಲ್ಲಿ ಹತ್ತನೆಯದು ಇತ್ತು, ಬರುವಾಗ ದಾರಿಯಲ್ಲಿ ಕೊಂಡದ್ದು.

ಬಚ್ಚಲಿನ ಹೊಸ್ತಿಲ ಮೇಲೆಯೇ ಕೂತುಬಿಟ್ಟೆ. ಅವರು ಇದ್ದಿದ್ದರೆ ಮೂರನೇ ಪ್ಯಾಕೆಟ್ಟಿಗೇ ಗಲಾಟೆ ಮಾಡುತ್ತಿದ್ದರು. "ಏನೇ, ಊರಿನ ಬಟ್ಟೆಯೆಲ್ಲ ಒಗೀತೀನಿ ಅಂತ ಗುತ್ತಿಗೆ ಹಿಡಿದಿದೀಯಾ?" ಎನ್ನುತ್ತಿದ್ದರು. ನಾನು ಜಗಳ ಕಾಯುತ್ತಿದ್ದೆ, ಆಮೇಲೆ ನನಗೇ ಅನುಮಾನ ಬರುತ್ತಿತ್ತು. ದರ್ಜಿಗೆ ಬೈಯಲು ಒಬ್ಬಳಿದ್ದಾಳೆ. ಒಂಟಿಯಾಗಿರುವವರು ಏನು ಮರೆತರೂ ಅದು ಮರೆವು ಎಂದು ಹೇಳುವವರಿಲ್ಲ. ನನಗೆ ಅವರ ಮೇಲೆ ತಡೆಯಲಾರದಷ್ಟು ಸಿಟ್ಟು ಬಂತು, ಸತ್ತದ್ದಕ್ಕೆ. ತುಂಬಾ ಹೊತ್ತು ಅತ್ತೆ.

ಅಳು ನಿಂತ ಮೇಲೆ ಬುದ್ಧಿ ಓಡಿತು, ಅದೂ ಅಡ್ಡದಾರಿಯಲ್ಲಿ. ನನ್ನ ಲೆಕ್ಕವನ್ನು ನೋಡುವವಳು ನಾನೊಬ್ಬಳೇ. ನಾಳೆ ಬೆಳಿಗ್ಗೆ ಪ್ರೋಗ್ರಾಮಿನಿಂದ ನನ್ನ ತಲೆಯನ್ನು ತೆಗೆದು ಬೋಳಪ್ಪನನ್ನು ಕೂರಿಸಿದರೆ, ಹಳೆಯ ರಿಪೋರ್ಟುಗಳೆಲ್ಲ ಒಂದು ಗಂಟೆಯಲ್ಲಿ ಸರಿಯಾಗುತ್ತವೆ. ಮೆಷಿನ್ನಿನ ದೋಷ ಎಂದು ಒಂದು ಸಾಲು ಬರೆದರೆ ಮುಗಿಯಿತು. ಮೆಷಿನ್ನು ಬಾಯಿಬಿಟ್ಟು ಇಲ್ಲ ಎನ್ನುವುದಿಲ್ಲ. ದರ್ಜಿಗೆ ನ್ಯಾಯ ಸಿಗುತ್ತದೆ, ನನ್ನ ಕುರ್ಚಿ ನನಗಿರುತ್ತದೆ. ಆ ಕುರ್ಚಿಯನ್ನೂ ತೆಗೆದರೆ ಈ ಎರಡು ಕೋಣೆ ಬಿಟ್ಟು ನನಗೆ ಹೋಗುವ ಜಾಗವಿಲ್ಲ.

ಆದರೆ ಸೋಸುವವಳು ಯಾರು? ಕೆಮ್ಮು ಯಾವುದು, ಮಿದುಳು ಯಾವುದು ಎಂದು ಬೇರ್ಪಡಿಸುವವಳು ಇದೇ ಐವತ್ತೆರಡರ ತಲೆಯವಳು. ಒಂಬತ್ತು ಪ್ಯಾಕೆಟ್ಟು ಇರುವುದು ಗೊತ್ತಾಗದವಳಿಗೆ ಇನ್ನೊಬ್ಬರ ಕಡತದಲ್ಲಿ ಏನು ಬಿಟ್ಟುಹೋಯಿತು ಎಂದು ಹೇಗೆ ಗೊತ್ತಾಗುತ್ತದೆ? ಒಂದು ಚೀಟಿಯಲ್ಲಿ 'ಡಾಕ್ಟರಿಗೆ ಹೇಳಬೇಕು' ಎಂದು ಬರೆದು ಬೀಗದ ಕೈಯ ಮೊಳೆಗೆ ಚುಚ್ಚಿದೆ. ನೆನಪಿರುವುದಿಲ್ಲ ಎಂದಲ್ಲ, ಬೆಳಿಗ್ಗೆ ಮನಸ್ಸು ಬದಲಾಯಿಸಬಾರದೆಂದು.

ಡಾಕ್ಟರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ವಿದ್ಯಾರ್ಥಿಯಾಗಿ ಬಂದಾಗ ಸಿಗ್ನಲ್ಲು ಎಂದರೆ ರಸ್ತೆಯಲ್ಲಿರುವುದು ಎಂದುಕೊಂಡಿದ್ದ ಪ್ರಾಣಿ. ಕೆಲಸವಾಗಬೇಕಾದಾಗ ನನ್ನನ್ನು ಅಕ್ಕ ಎನ್ನುತ್ತಾರೆ, ಉಳಿದ ಹೊತ್ತಿನಲ್ಲಿ ಮೇಡಂ. ಎರಡು ಗೆರೆಗಳನ್ನೂ ಒಂದೇ ಹಾಳೆಯಲ್ಲಿ ಎಳೆದು ಅವರ ಮೇಜಿನ ಮೇಲಿಟ್ಟೆ. ನೇರವಾದದ್ದು ಬೋಳಪ್ಪ, ಇಳಿಯುತ್ತಿರುವುದು ನಾನು ಎಂದೆ.

ಅವರು ಎರಡೂ ಗೆರೆಗಳ ಮೇಲೆ ಬೆರಳಾಡಿಸಿದರು. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿದರು. ಎಷ್ಟು ಸಲ ಆ ಬಾಗಿಲು ಹಾಕಿದ ಸದ್ದನ್ನು ಹೊರಗೆ ನಿಂತು ಕೇಳಿದ್ದೇನೆ, ಒಳಗಿನಿಂದ ಕೇಳಿದ್ದು ಅದೇ ಮೊದಲು.

"ಅಕ್ಕಾ, ಇನ್ನೊಂದ್ಸಲ ಸ್ಕ್ಯಾನ್ ಮಾಡಿ ನೋಡೋಣ."

"ಇಪ್ಪತ್ತನಾಲ್ಕು ಸಲ ಮಾಡಿಯಾಗಿದೆ ಡಾಕ್ಟ್ರೇ. ತಿಂಗಳಿಗೊಂದು."

"ಸದ್ಯಕ್ಕೆ ಮೆಷಿನ್ ತೊಂದರೆ ಅಂತ ಬರೆಯೋಣ. ರಿಪೋರ್ಟ್ ಎಲ್ಲಾ ಸರಿಮಾಡೋಣ. ನಿಮ್ಮ ವಿಷಯ ನಿಧಾನಕ್ಕೆ..."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅದೇ ನನಗೆ ತಡೆಯಲಾಗಲಿಲ್ಲ. "ನೀವು ಹಾಗೆ ಬರೆದ್ರೆ ನಾಳೆಯಿಂದ ಮತ್ತೆ ನಾನೇ ಸೋಸ್ತೀನಿ, ಮತ್ತೆ ನೀವು ಅದನ್ನೇ ನಂಬ್ತೀರಿ. ಅಲ್ಲಿ ಒಬ್ಬಳು ಎಂಟು ತಿಂಗಳಿಂದ ಗಂಡನಿಗೆ ಬೈತಾ ಕೂತಿದಾಳೆ. ಅವಳಿಗೂ ತಪ್ಪು ಮೆಷಿನ್ನಿನದು ಅಂತ ಹೇಳ್ತೀರಾ? ನನ್ನ ಹೆಸರು ಬರೀರಿ. ಎರಡು ವರ್ಷದ ನನ್ನ ಕೆಲಸವನ್ನೆಲ್ಲ ಬೇರೆಯವರಿಂದ ಮತ್ತೆ ನೋಡಿಸಿ," ಎಂದೆ. ಅವರು ನನ್ನ ಕಡೆಗೆ ನೀರಿನ ಲೋಟ ತಳ್ಳಿದರು, ರೋಗಿಗಳಿಗೆ ತಳ್ಳುವ ಹಾಗೆಯೇ.

ಬೇರೆ ಆಸ್ಪತ್ರೆಯವರು ಬಂದು ಇನ್ನೂರ ಹನ್ನೆರಡು ರಿಪೋರ್ಟುಗಳನ್ನು ಮತ್ತೆ ನೋಡಿದರು. ಒಂಬತ್ತು ಬದಲಾದವು. ನನ್ನ ಸೋಸುವಿಕೆಯಲ್ಲಿ ಒಂದು ತಪ್ಪೂ ಸಿಗಲಿಲ್ಲವಂತೆ. ಕೈಗೆ ರೂಢಿಯಾದದ್ದು ಬೇಗ ಹೋಗುವುದಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ದರ್ಜಿಯ ಟೇಪು ನೆನಪಾಯಿತು.

ಆ ಒಂಬತ್ತು ಮನೆಯವರಿಗೂ ಡಾಕ್ಟರೇ ಹೇಳಬೇಕಾಗಿತ್ತು, ಹೇಳಿದರು. ದರ್ಜಿಯ ಹೆಂಡತಿಗೆ ಮಾತ್ರ ನಾನು ಹೇಳುತ್ತೇನೆ ಎಂದು ಪಟ್ಟು ಹಿಡಿದೆ. ಅವಳು ಬಂದು ಕೂತಳು. ಹೇಗೆ ತಪ್ಪಾಯಿತು ಎನ್ನುವುದನ್ನು ಬಿಡಿಸಿ ಹೇಳಿದೆ. ಅವಳು ನನ್ನ ಮುಖದ ಮೇಲೆ ಉಗಿಯುತ್ತಾಳೆ ಎಂದು ತಯಾರಾಗಿದ್ದೆ. ಉಗಿದಿದ್ದರೆ ನನಗೂ ಹಗುರವಾಗುತ್ತಿತ್ತು.

"ಹಾಗಾದ್ರೆ ಅವರು ಬೇಕಂತ ಮಾಡ್ತಿರ್ಲಿಲ್ಲ," ಎಂದಳು.

"ಇಲ್ಲ."

"ಒಂದಿನ ಕೈ ಎತ್ತಿದೀನಿ ಅಕ್ಕಾ. ಗಿರಾಕಿ ಎದುರಿಗೇ. ಅವರು ಏನೂ ಅನ್ಲಿಲ್ಲ. ಯಾಕೆ ಹೊಡೆದೆ ಅಂತಾನೂ ಕೇಳ್ಲಿಲ್ಲ."

ಅವಳು ಎದ್ದು ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. "ನಿಮಗೂ ಅದೇ ಅಂದ್ರಲ್ಲ. ನಿಮ್ಮನೇಲಿ ಯಾರಿದಾರೆ?"

"ಯಾರೂ ಇಲ್ಲ."

ಅವಳು ಹಿಂದಕ್ಕೆ ಬಂದು ನನ್ನ ಮುಂಗೈ ಒತ್ತಿ ಹೋದಳು. ಹೊರಗೆ ದರ್ಜಿ ಯಾರಿಗೋ, "ಆ ಅಮ್ಮನ ಕೋಟಿನ ಬಲಗಡೆ ಭುಜ ಅರ್ಧ ಇಂಚು ಇಳಿದಿದೆ," ಎನ್ನುತ್ತಿದ್ದರು. ಈ ಸಲ ಅವಳು ಬೈಯಲಿಲ್ಲ. "ಹೌದು ರೀ, ನಾನೂ ನೋಡಿದೆ," ಎಂದದ್ದು ಕೇಳಿಸಿತು.

ಉಳಿದದ್ದು ನನ್ನ ಕಡತ. ನಮ್ಮಲ್ಲಿ ಬರೀ ಸ್ಕ್ಯಾನ್ ನೋಡಿ ಯಾರಿಗೂ ಕಾಯಿಲೆಯ ಹೆಸರಿಡುವುದಿಲ್ಲ. ರೋಗಿಯನ್ನು ಹತ್ತಿರದಿಂದ ಕಂಡವರು ಒಬ್ಬರು ಜೊತೆಗೆ ಬಂದು ಎರಡು ಪುಟದ ಫಾರಂ ತುಂಬಬೇಕು. ಗಂಡ, ಹೆಂಡತಿ, ಮಗಳು, ಸೊಸೆ, ಯಾರಾದರೂ. ಆ ಫಾರಂ ತಯಾರಿಸಿದವಳು ನಾನೇ. 'ಕನಿಷ್ಠ ಹತ್ತು ವರ್ಷದಿಂದ ರೋಗಿಯನ್ನು ಬಲ್ಲವರು' ಎಂದು ಸೇರಿಸಿದ ಬುದ್ಧಿವಂತಳೂ ನಾನೇ. ಡಾಕ್ಟರು ಯಾರನ್ನು ಕರೆಸಲಿ ಎಂದು ಕೇಳಿದಾಗ ನಾನು ಕಿಟಕಿಯ ಕಡೆ ನೋಡುತ್ತ ಕೂತೆ. ಕೆಳಗಿನ ಮನೆಯವರಿಗೆ ನನ್ನ ಹೆಸರೂ ಗೊತ್ತಿಲ್ಲ, ಹಾಲಿನವನಿಗೆ ಬಾಗಿಲ ನಂಬರು ಗೊತ್ತು.

"ನಾನು ತುಂಬಬಹುದಾ?" ಎಂದರು ಬಾಗಿಲಲ್ಲಿ ನಿಂತಿದ್ದ ಆಪರೇಟರು. ಯಾವಾಗ ಬಂದರೋ ಗೊತ್ತಿಲ್ಲ. "ಹನ್ನೊಂದು ವರ್ಷ ಆಯ್ತು ನೋಡ್ತಾ ಇದೀನಿ."

ನನ್ನ ಕೋಣೆಯಲ್ಲೇ ಎದುರುಬದುರು ಕೂತೆವು. ಅವರು ಕನ್ನಡಕ ಏರಿಸಿ ಫಾರಂ ಹತ್ತಿರ ಹಿಡಿದರು. ಮೊದಲ ಸಾಲಿಗೇ ಪೆನ್ನು ನಿಂತಿತು. "ರೋಗಿಗೂ ನಿಮಗೂ ಇರುವ ಸಂಬಂಧ ಅಂತಿದೆ. ಏನು ಬರೀಲಿ ಮೇಡಂ?"

ಆ ಫಾರಂ ತುಂಬಿಸುವುದು ಹೇಗೆಂದು ಎಷ್ಟೋ ನರ್ಸುಗಳಿಗೆ ಹೇಳಿಕೊಟ್ಟಿದ್ದೇನೆ. "ಆಪರೇಟರ್ ಅಂತಲೇ ಬರೀರಿ," ಎಂದೆ. ಬರೆದರು.

ದಾರಿ ತಪ್ಪುತ್ತಾರೆಯೇ, ಗೊತ್ತಿಲ್ಲ. ಹಣದ ವ್ಯವಹಾರ, ಗೊತ್ತಿಲ್ಲ. ನಾಲ್ಕನೇ ಪ್ರಶ್ನೆ ನನಗೆ ಬಾಯಿಪಾಠ: ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆಯೇ? ಆಪರೇಟರು ತಲೆ ಎತ್ತಲಿಲ್ಲ. 'ಹೌದು' ಎನ್ನುವುದರ ಮುಂದೆ ಗುರುತು ಹಾಕಿದರು.

"ಏನ್ರೀ ಕೇಳ್ತೀನಿ ನಾನು?"

"ಬಿಡಿ ಮೇಡಂ."

"ಬಿಡೋ ಹಾಗಿಲ್ಲ. ಕೆಳಗೆ ಉದಾಹರಣೆ ಬರೀಬೇಕು."

"ಮಗಳ ಮದುವೆ ಯಾವಾಗ ಅಂತ ಕೇಳ್ತೀರಿ."

"ಅಯ್ಯೋ, ಅದು ತಮಾಷೆಗೆ. ನೀವು ಮಾಡಿದ್ರೆ ತಾನೇ ನಾನು ಕೇಳೋದು ನಿಲ್ಲಿಸೋದು?"

"ಮದುವೆ ಆಗಿ ಹದಿನಾಲ್ಕು ತಿಂಗಳಾಯ್ತು ಮೇಡಂ," ಎಂದರು ಅವರು. "ನೀವು ಬಂದಿದ್ರಿ."

ಜೇಬಿನಿಂದ ಫೋನು ತೆಗೆದು ಸ್ವಲ್ಪ ಹೊತ್ತು ಹುಡುಕಿ ನನ್ನ ಮುಂದೆ ಹಿಡಿದರು. ನಗುತ್ತಿರುವ ಒಂದು ಹುಡುಗಿ, ಪಕ್ಕದಲ್ಲಿ ಒಬ್ಬ ಹುಡುಗ. ಇನ್ನೊಂದು ಪಕ್ಕದಲ್ಲಿ ನಾನು, ನನ್ನ ಹಸಿರು ಬಟ್ಟೆಯಲ್ಲಿ, ಬಣ್ಣದ ಕಾಗದ ಸುತ್ತಿದ ದುಂಡಗಿನ ದೊಡ್ಡ ಡಬ್ಬಿ ಹಿಡಿದು. ಬಾಯ್ತುಂಬ ನಗುತ್ತಿದ್ದೆ. ಗಂಡ ಸತ್ತ ಮೇಲೆ ನಾನು ಹಾಗೆ ನಕ್ಕದ್ದು ನನಗೆ ಒಂದು ಸಲವೂ ನೆನಪಿಲ್ಲ. ಆವತ್ತು ನಕ್ಕಿದ್ದೆನಂತೆ.

"ನನಗೆ ಯಾಕ್ರೀ ಹೇಳ್ಲಿಲ್ಲ?"

"ಮೊದಲನೇ ಸಲ ಹೇಳಿದೆ ಮೇಡಂ. ನೀವು ತುಂಬಾ ಗಾಬರಿ ಆದ್ರಿ. ಕಣ್ಣಲ್ಲಿ ನೀರು ಬಂತು. ಮುಂದಿನ ತಿಂಗಳು ಮತ್ತೆ ಕೇಳಿದ್ರಿ. ಆಮೇಲೆ ಹೇಳೋಕೆ ಮನಸ್ಸು ಬರಲಿಲ್ಲ. ಕೆಲಸ ಹೋಗ್ಬಿಟ್ರೆ ಮನೇಲಿ ನೀವೊಬ್ರೇ ಅಂತ..."

"ಆವತ್ತೇ ಡಾಕ್ಟರಿಗೆ ಹೇಳಿದ್ರೆ ದರ್ಜಿ ಏಟು ತಿನ್ತಿರ್ಲಿಲ್ಲ."

"ಗೊತ್ತು ಮೇಡಂ. ಈಗ ಗೊತ್ತು."

ಬೈಯಬೇಕೆಂದು ಬಾಯಿ ತೆರೆದೆ. ಹದಿನಾಲ್ಕು ತಿಂಗಳು ಪ್ರತಿ ಸಲವೂ ಹೊದಿಕೆ ಮಡಿಸುತ್ತ, ಮದುವೆಯಾದ ಮಗಳನ್ನು ನನಗೋಸ್ಕರ ಮದುವೆಯಾಗದವಳನ್ನಾಗಿ ಮಾಡಿ ಉತ್ತರ ಕೊಟ್ಟ ಮನುಷ್ಯ. ನನ್ನ ಮರೆವನ್ನು ನೋಡಿದವರು ಒಬ್ಬರಾದರೂ ಇದ್ದರು. ಬೈಗುಳ ಬರಲಿಲ್ಲ.

"ಬರೀರಿ," ಎಂದೆ. "ಉದಾಹರಣೆ ಅನ್ನೋ ಕಡೆ ಅದನ್ನೇ ಬರೀರಿ."

ದುಂಡಗಿನ ಅಕ್ಷರದಲ್ಲಿ ಬರೆದರು, ಬೋಳಪ್ಪನ ಸಂಖ್ಯೆ ಬರೆಯುವ ಹಾಗೆ. ನಾನು ಕೊಟ್ಟದ್ದು ಗೋಡೆ ಗಡಿಯಾರವಂತೆ, ಮಗಳ ಮನೆಯಲ್ಲಿ ಚೆನ್ನಾಗಿ ಓಡುತ್ತಿದೆಯಂತೆ. ಎರಡನೇ ಪುಟವೂ ಮುಗಿದ ಮೇಲೆ ಸಹಿ ಮಾಡಿ ಪೆನ್ನಿಗೆ ಮುಚ್ಚಳ ಹಾಕಿದರು. ಎದ್ದು ಹೋಗುವವರನ್ನು ತಡೆದೆ.

"ಮದುವೆ ಹೇಗಾಯ್ತು? ಮೊದಲಿಂದ ಹೇಳಿ," ಎಂದೆ.

ಅವರು ಮತ್ತೆ ಕೂತರು. ಮಗಳು ಆ ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದಳು ಎನ್ನುವಲ್ಲಿಂದ ಶುರುಮಾಡಿದರು. ನಾನು ಯಾವಾಗ ಬಂದೆ, ಯಾವ ಸಾಲಿನಲ್ಲಿ ಕೂತೆ, ಯಾರನ್ನು ನಗಿಸಿದೆ ಎಂದು ಹೇಳಿದರು. ಮಧ್ಯೆ ಒಂದು ಸಲವೂ ಬಾಯಿ ಹಾಕದೆ ಕೇಳಿದೆ. ಎಲ್ಲವೂ ನನಗೆ ಹೊಸ ಸುದ್ದಿಯೇ ಆಗಿತ್ತು.